ಪದವಿಯ ನಂತರದ ಸಮವಸ್ತ್ರ: ಪರೀಕ್ಷೆಗೆ ಮೊದಲು ಕೇಳಬೇಕಾದ ಪ್ರಶ್ನೆ

ಸೇನೆಗೆ ಸೇರುವುದೆಂದರೆ ಜಿಲ್ಲಾ ಕ್ರೀಡಾಂಗಣದ ನೇಮಕಾತಿ ರ್‍ಯಾಲಿಯಲ್ಲಿ ಓಡಿ, ಎದೆಯಳತೆ ಕೊಟ್ಟು, ಸಿಪಾಯಿಯಾಗಿ ಆಯ್ಕೆಯಾಗುವುದು ಎಂಬ ತಿಳಿವಳಿಕೆ ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಇಂದಿಗೂ ವ್ಯಾಪಕವಾಗಿದೆ. ಆದರೆ ಯಾವುದೇ ವಿಷಯದಲ್ಲಿ ಪದವಿ ಪಡೆದವರ ಮುಂದೆ ತೆರೆಯುವ ಮುಖ್ಯ ದಾರಿ ಅಧಿಕಾರಿ ವರ್ಗದ್ದು. ಅಲ್ಲಿ ನೇಮಕಾತಿಯ ಕ್ರಮ, ತರಬೇತಿಯ ಸ್ವರೂಪ, ವೇತನ ಶ್ರೇಣಿ, ನಿವೃತ್ತಿಯ ಷರತ್ತು ಎಲ್ಲವೂ ಬೇರೆ. ಅಧಿಕಾರಿಯಾಗಿ ನೇಮಕಗೊಳ್ಳುವುದನ್ನು ‘ಕಮಿಷನ್ ಪಡೆಯುವುದು’ ಎನ್ನುತ್ತಾರೆ. ರಾಷ್ಟ್ರಪತಿಯವರ ಹೆಸರಿನಲ್ಲಿ ನೀಡುವ ಅಧಿಕಾರಪತ್ರವೇ ಈ ಕಮಿಷನ್. ಅದನ್ನು ಪಡೆದವರು ಭೂಸೇನೆಯಲ್ಲಿ ಲೆಫ್ಟಿನೆಂಟ್, ನೌಕಾಪಡೆಯಲ್ಲಿ ಸಬ್ ಲೆಫ್ಟಿನೆಂಟ್, ವಾಯುಪಡೆಯಲ್ಲಿ ಫ್ಲೈಯಿಂಗ್ ಆಫೀಸರ್ ದರ್ಜೆಯಿಂದ ಸೇವೆ ಆರಂಭಿಸುತ್ತಾರೆ.

ಈ ಕಮಿಷನ್ ಎರಡು ಬಗೆಯದು. ನಿವೃತ್ತಿಯ ವಯಸ್ಸಿನವರೆಗೂ ಸೇವೆಯಲ್ಲಿ ಉಳಿಯುವ ಅವಕಾಶವಿರುವುದು ಕಾಯಂ ಕಮಿಷನ್. ನಿಗದಿತ ಅವಧಿಗೆ, ಸಾಮಾನ್ಯವಾಗಿ 10 ವರ್ಷಕ್ಕೆ ಸೀಮಿತವಾಗಿದ್ದು ಬಳಿಕ 4 ವರ್ಷ ವಿಸ್ತರಿಸಬಹುದಾದದ್ದು ಅಲ್ಪಾವಧಿ ಕಮಿಷನ್. ಪದವೀಧರರಿಗೆ ಇರುವ ಪರೀಕ್ಷೆಗಳ ಪಟ್ಟಿ ಉದ್ದವಾಗಿ ಕಂಡರೂ ಕೊನೆಗೆ ಅವೆಲ್ಲ ಈ ಎರಡು ಕರಾರುಗಳಲ್ಲಿ ಒಂದಕ್ಕೆ ತಲುಪುತ್ತವೆ. ಆದ್ದರಿಂದ ಯಾವ ಪರೀಕ್ಷೆ ಬರೆಯಬೇಕು ಎಂಬ ಪ್ರಶ್ನೆಗಿಂತ ಮೊದಲು, ಬದುಕಿನ ಎಷ್ಟು ವರ್ಷಗಳನ್ನು ಯಾವ ಷರತ್ತಿನ ಮೇಲೆ ಸೇನೆಗೆ ಕೊಡಬೇಕು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ಕೇಳಿಕೊಳ್ಳುವುದು ಉಚಿತ.

ಒಂದು ಪರೀಕ್ಷೆ, ನಾಲ್ಕು ಅಕಾಡೆಮಿ

ಪದವೀಧರರ ಪಾಲಿಗೆ ಅತ್ಯಂತ ವಿಶಾಲವಾದ ದಾರಿ, ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುವ ಸಂಯುಕ್ತ ರಕ್ಷಣಾ ಸೇವೆಗಳ ಪರೀಕ್ಷೆ, ಅಂದರೆ ಸಿಡಿಎಸ್. 1932ರಲ್ಲಿ ಆರಂಭವಾದ ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿ, ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ ಹಾಗೂ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ, ಈ ನಾಲ್ಕಕ್ಕೂ ಇದೊಂದೇ ಪರೀಕ್ಷೆ. ಕಾಯಂ ಕಮಿಷನ್‌ಗೆ ಒಯ್ಯುವ ಡೆಹ್ರಾಡೂನ್‌ಗೂ ಅಲ್ಪಾವಧಿ ಕಮಿಷನ್‌ಗೆ ಒಯ್ಯುವ ಚೆನ್ನೈಗೂ ಯಾವುದೇ ವಿಷಯದ ಪದವಿ ಸಾಕು. ಇತಿಹಾಸ ಓದಿದ ಬಿಎ ಪದವೀಧರರೂ ಬಿಕಾಂ ಮುಗಿಸಿದವರೂ ಇಲ್ಲಿ ಎಂಜಿನಿಯರ್‌ಗಳಷ್ಟೇ ಅರ್ಹರು. ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಪದವಿ ಬೇಕು. ವಾಯುಪಡೆ ಅಕಾಡೆಮಿಗೆ ಎಂಜಿನಿಯರಿಂಗ್ ಪದವಿಯಾದರೂ ಇರಬೇಕು, ಇಲ್ಲವೇ ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದಿ ಯಾವುದಾದರೂ ಪದವಿ ಪಡೆದಿರಬೇಕು. ಅಂತಿಮ ವರ್ಷದಲ್ಲಿ ಓದುತ್ತಿರುವವರಿಗೂ ಅರ್ಜಿ ಹಾಕಲು ಅವಕಾಶವಿದೆ.

ಡೆಹ್ರಾಡೂನ್, ಏಳಿಮಲ ಮತ್ತು ದುಂಡಿಗಲ್ ಬಯಸುವವರು ಇಂಗ್ಲಿಷ್, ಸಾಮಾನ್ಯ ಜ್ಞಾನ ಮತ್ತು ಪ್ರಾಥಮಿಕ ಗಣಿತ ಎಂಬ ತಲಾ 100 ಅಂಕಗಳ ಮೂರು ಪತ್ರಿಕೆ ಬರೆಯುತ್ತಾರೆ. ಚೆನ್ನೈ ಮಾತ್ರ ಬಯಸುವವರಿಗೆ ಗಣಿತ ಪತ್ರಿಕೆ ಇಲ್ಲ. ಗಣಿತದ ಮಟ್ಟ ಹತ್ತನೆಯ ತರಗತಿಯದು, ಆದರೆ ಪ್ರತಿ ತಪ್ಪು ಉತ್ತರಕ್ಕೆ ಮೂರನೆಯ ಒಂದು ಭಾಗದಷ್ಟು ಅಂಕ ಕಡಿತವಾಗುವುದರಿಂದ ಊಹೆಯ ಮೇಲೆ ಉತ್ತರಿಸುವುದು ದುಬಾರಿ. ಲಿಖಿತ ಪರೀಕ್ಷೆಗೆ ಎಷ್ಟು ಅಂಕಗಳೋ ನಂತರದ ಸಂದರ್ಶನಕ್ಕೂ ಅಷ್ಟೇ ಅಂಕಗಳಿರುವುದು ಈ ವ್ಯವಸ್ಥೆಯ ವಿಶೇಷ. ವಯೋಮಿತಿ ಬಿಗಿಯಾಗಿದೆ: ಡೆಹ್ರಾಡೂನ್‌ಗೆ ಸುಮಾರು 24, ಚೆನ್ನೈಗೆ ಸುಮಾರು 25 ವರ್ಷ ಗರಿಷ್ಠ ಮಿತಿ, ಮತ್ತು ಅಭ್ಯರ್ಥಿ ಅವಿವಾಹಿತರಾಗಿರಬೇಕು. ಜನ್ಮದಿನಾಂಕದ ನಿಖರ ಗಡಿಯನ್ನು ಪ್ರತಿ ಅಧಿಸೂಚನೆಯೂ ಹೊಸದಾಗಿ ನಿಗದಿಪಡಿಸುತ್ತದೆ. ಬೇರೆ ಸರ್ಕಾರಿ ಪರೀಕ್ಷೆಗಳಲ್ಲಿ ಮೂವತ್ತರ ಆಚೆಗೂ ಪ್ರಯತ್ನ ಮುಂದುವರಿಸಬಹುದಾದರೆ, ಇಲ್ಲಿ 21ಕ್ಕೆ ಪದವಿ ಮುಗಿಸಿದವರಿಗೆ ಸಿಗುವುದು ಮೂರು ನಾಲ್ಕು ವರ್ಷಗಳ ಕಾಲಾವಕಾಶ ಮಾತ್ರ.

ಸಿಡಿಎಸ್ ಹೊರತಾದ ದಾರಿಗಳು

ಎಂಜಿನಿಯರಿಂಗ್ ಪದವೀಧರರಿಗೆ ಭೂಸೇನೆಯಲ್ಲಿ ಪ್ರತ್ಯೇಕವಾಗಿ ಎರಡು ಮಾರ್ಗಗಳಿವೆ: ಕಾಯಂ ಕಮಿಷನ್‌ಗೆ ಒಯ್ಯುವ ತಾಂತ್ರಿಕ ಪದವೀಧರರ ಕೋರ್ಸ್ ಮತ್ತು ಅಲ್ಪಾವಧಿ ಸೇವೆಯ ತಾಂತ್ರಿಕ ಪ್ರವೇಶ. ಎರಡರಲ್ಲಿಯೂ ಲಿಖಿತ ಪರೀಕ್ಷೆ ಇಲ್ಲ. ಪದವಿಯ ಅಂಕಗಳ ಆಧಾರದ ಮೇಲೆ ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಕರೆಯುತ್ತಾರೆ, ವಯೋಮಿತಿಯೂ 27ರವರೆಗೆ ಸಡಿಲವಾಗಿದೆ. ಕಾನೂನು ಪದವೀಧರರು ಸೇನೆಯ ನ್ಯಾಯ ವಿಭಾಗವಾದ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆಗೆ ಸೇರಬಹುದು. ಸೈನಿಕ ನ್ಯಾಯಾಲಯಗಳ ವಿಚಾರಣೆಯಲ್ಲಿ ಮತ್ತು ಸೇನಾ ಕಾನೂನಿನ ವಿಷಯಗಳಲ್ಲಿ ಸಲಹೆ ನೀಡುವ ಈ ಶಾಖೆಗೆ ಈಚಿನ ವರ್ಷಗಳಲ್ಲಿ ಸ್ನಾತಕೋತ್ತರ ಕ್ಲಾಟ್ ಪರೀಕ್ಷೆಯ ಅಂಕಗಳನ್ನು ಪರಿಗಣಿಸಲಾಗುತ್ತಿದೆ. ಪಶುವೈದ್ಯಕೀಯ ಪದವೀಧರರಿಗೆ, ಸೇನೆಯ ಕುದುರೆ, ಹೇಸರಗತ್ತೆ ಮತ್ತು ನಾಯಿಗಳ ಆರೈಕೆ ಹೊತ್ತ ರಿಮೌಂಟ್ ಪಶುವೈದ್ಯಕೀಯ ದಳವಿದೆ. ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯಿದೆ.

ಕಾಲೇಜಿನಲ್ಲಿ ಎನ್‌ಸಿಸಿ ತರಬೇತಿ ಪಡೆದು ‘ಸಿ’ ಪ್ರಮಾಣಪತ್ರವನ್ನು ಕನಿಷ್ಠ ‘ಬಿ’ ಶ್ರೇಣಿಯಲ್ಲಿ ಗಳಿಸಿದ ಮತ್ತು ಪದವಿಯಲ್ಲಿ ಒಟ್ಟು ಶೇಕಡಾ 50ರಷ್ಟು ಅಂಕ ಪಡೆದ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆಯಿಂದ ವಿನಾಯಿತಿ ನೀಡುವ ವಿಶೇಷ ಪ್ರವೇಶ ಯೋಜನೆ ಇನ್ನೊಂದು ದಾರಿ. ಇದರಲ್ಲಿ ನೇರವಾಗಿ ಸಂದರ್ಶನಕ್ಕೆ ಕರೆ ಬರುತ್ತದೆ, ಆಯ್ಕೆಯಾದವರು ಚೆನ್ನೈ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಾರೆ. ಸಿಡಿಎಸ್ ಪರೀಕ್ಷೆಯ ಡೆಹ್ರಾಡೂನ್ ಸ್ಥಾನಗಳಲ್ಲಿಯೂ ಈ ಪ್ರಮಾಣಪತ್ರ ಹೊಂದಿದವರಿಗೆ ಒಂದು ಪಾಲು ಮೀಸಲಿರುತ್ತದೆ. ‘ಸಿ’ ಪ್ರಮಾಣಪತ್ರ ಕೈಸೇರಲು ಪದವಿಯ ಮೂರು ವರ್ಷವೂ ಎನ್‌ಸಿಸಿಯಲ್ಲಿ ತೊಡಗಿರಬೇಕಾದ್ದರಿಂದ ಇದು ಕೊನೆಯ ವರ್ಷದಲ್ಲಿ ನೆನಪಾದರೆ ಪ್ರಯೋಜನಕ್ಕೆ ಬಾರದ ದಾರಿ. ಇದರ ನಿರ್ಧಾರ ಕಾಲೇಜಿಗೆ ಸೇರಿದ ಮೊದಲ ತಿಂಗಳುಗಳಲ್ಲಿಯೇ ಆಗಬೇಕು.

ವಾಯುಪಡೆಯು ತನ್ನದೇ ಆದ ಎಎಫ್‌ಕ್ಯಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ಕಂಪ್ಯೂಟರ್ ಆಧಾರಿತವಾಗಿ ನಡೆಸುತ್ತದೆ. ವಿಮಾನ ಹಾರಿಸುವ ಫ್ಲೈಯಿಂಗ್ ಶಾಖೆ, ವಿಮಾನ ಮತ್ತು ವಿದ್ಯುನ್ಮಾನ ಉಪಕರಣಗಳನ್ನು ನಿರ್ವಹಿಸುವ ತಾಂತ್ರಿಕ ಶಾಖೆ, ಆಡಳಿತ, ಸರಕು ಪೂರೈಕೆ, ಲೆಕ್ಕಪತ್ರ, ಶಿಕ್ಷಣ ಮುಂತಾದ ತಾಂತ್ರಿಕೇತರ ಶಾಖೆ, ಈ ಮೂರಕ್ಕೂ ಇದರ ಮೂಲಕ ಆಯ್ಕೆ ನಡೆಯುತ್ತದೆ. ಲೆಕ್ಕಪತ್ರ ಶಾಖೆಯು ವಾಣಿಜ್ಯ ಪದವೀಧರರಿಗೆ ಹೇಳಿಮಾಡಿಸಿದ್ದು. ಪೈಲಟ್ ಆಗಬಯಸುವವರಿಗೆ ಮಾತ್ರ ಒಂದು ಕಠಿಣ ನಿಯಮವಿದೆ: ಹಾರಾಟದ ಸಹಜ ಸಾಮರ್ಥ್ಯವನ್ನು ಅಳೆಯುವ ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಎದುರಿಸಬಹುದು, ಅದರಲ್ಲಿ ಅನುತ್ತೀರ್ಣರಾದವರಿಗೆ ಹಾರಾಟದ ಶಾಖೆ ಮತ್ತೆ ತೆರೆಯದು. ನೌಕಾಪಡೆಯೂ ಕಾರ್ಯನಿರ್ವಾಹಕ, ತಾಂತ್ರಿಕ ಹಾಗೂ ಶಿಕ್ಷಣ ಶಾಖೆಗಳ ಅಲ್ಪಾವಧಿ ಹುದ್ದೆಗಳಿಗೆ ಪದವಿಯ ಅಂಕಗಳ ಆಧಾರದ ಮೇಲೆ ಅಭ್ಯರ್ಥಿಗಳನ್ನು ಕರೆಯುತ್ತದೆ.

ಮಹಿಳೆಯರ ಪ್ರವೇಶ

ವೈದ್ಯಕೀಯ ಹಾಗೂ ಶುಶ್ರೂಷಾ ಸೇವೆಗಳ ಆಚೆಗೆ ಮಹಿಳೆಯರು ಭೂಸೇನೆಯ ಅಧಿಕಾರಿಗಳಾಗಿ ಸೇರತೊಡಗಿದ್ದು 1992ರಲ್ಲಿ, ಅದೂ ಅಲ್ಪಾವಧಿ ಸೇವೆಗೆ ಮಾತ್ರ. ಅವರಿಗೂ ಕಾಯಂ ಕಮಿಷನ್ ನೀಡಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 17ರಂದು ಭೂಸೇನೆಯ ವಿಷಯದಲ್ಲಿ, ಮಾರ್ಚ್ 17ರಂದು ನೌಕಾಪಡೆಯ ವಿಷಯದಲ್ಲಿ ತೀರ್ಪಿತ್ತಿತು. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ವಾಯುಪಡೆಯ ಮೊದಲ ಮಹಿಳಾ ಯುದ್ಧ ವಿಮಾನ ಪೈಲಟ್‌ಗಳಾದರು. 2023ರಲ್ಲಿ ಫಿರಂಗಿ ದಳಕ್ಕೂ ಮಹಿಳಾ ಅಧಿಕಾರಿಗಳು ಸೇರಿದರು. ಪದವೀಧರೆಯರು ಸಿಡಿಎಸ್ ಮೂಲಕ ಚೆನ್ನೈ ಅಕಾಡೆಮಿಗೆ, ಎಎಫ್‌ಕ್ಯಾಟ್ ಮೂಲಕ ವಾಯುಪಡೆಗೆ, ಜತೆಗೆ ತಾಂತ್ರಿಕ, ಕಾನೂನು ಹಾಗೂ ಎನ್‌ಸಿಸಿ ಪ್ರವೇಶಗಳಿಗೆ ಅರ್ಜಿ ಹಾಕಬಹುದು. ಆದರೂ ಸಿಡಿಎಸ್‌ನಲ್ಲಿ ಮಹಿಳೆಯರಿಗೆ ದೊರೆಯುವ ಸ್ಥಾನಗಳು ಪುರುಷರ ಸ್ಥಾನಗಳಿಗೆ ಹೋಲಿಸಿದರೆ ಬಹಳ ಕಡಿಮೆ; ಕಾಲಾಳು ದಳ ಮತ್ತು ಟ್ಯಾಂಕ್ ದಳಗಳ ಬಾಗಿಲು ಅವರಿಗೆ ಇನ್ನೂ ತೆರೆದಿಲ್ಲ. ಹೀಗಾಗಿ ಮಹಿಳಾ ಅಭ್ಯರ್ಥಿಗಳು ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳದೆ ಹಲವು ಪ್ರವೇಶಗಳಿಗೆ ಏಕಕಾಲಕ್ಕೆ ಪ್ರಯತ್ನಿಸುವುದು ವಿವೇಕದ ಮಾತು.

ಐದು ದಿನಗಳ ಪರಿಶೀಲನೆ

ಯಾವ ದಾರಿಯಿಂದ ಬಂದರೂ ಬಹುತೇಕ ಎಲ್ಲರೂ ದಾಟಲೇಬೇಕಾದ ಹಂತ ಸೇವಾ ಆಯ್ಕೆ ಮಂಡಳಿಯ ಸಂದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆ ಮನೋವಿಜ್ಞಾನದ ನೆರವಿನಿಂದ ರೂಪಿಸಿದ ಆಯ್ಕೆ ಪದ್ಧತಿಯ ಭಾರತೀಯ ರೂಪ ಇದು. ಸಂದರ್ಶನವೆಂದು ಕರೆದರೂ ಇದು ಐದು ದಿನಗಳ ವಾಸ್ತವ್ಯ. ಮೊದಲ ದಿನ ತಾರ್ಕಿಕ ಪ್ರಶ್ನೆಗಳ ಪರೀಕ್ಷೆಯೂ, ಮಸುಕಾದ ಚಿತ್ರವೊಂದನ್ನು 30 ಸೆಕೆಂಡು ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆಯೂ ನಡೆದು, ಬಂದವರಲ್ಲಿ ಹೆಚ್ಚಿನವರು ಅಂದೇ ಮರಳುತ್ತಾರೆ. ಉಳಿದವರಿಗೆ ಮರುದಿನ ಮನೋವೈಜ್ಞಾನಿಕ ಪರೀಕ್ಷೆ: 60 ಪದಗಳು ಒಂದೊಂದಾಗಿ 15 ಸೆಕೆಂಡುಗಳ ಅಂತರದಲ್ಲಿ ಮೂಡುತ್ತಿದ್ದಂತೆ ತಕ್ಷಣ ಹೊಳೆದ ವಾಕ್ಯ ಬರೆಯಬೇಕು, 60 ಸನ್ನಿವೇಶಗಳಿಗೆ 30 ನಿಮಿಷಗಳಲ್ಲಿ ಪ್ರತಿಕ್ರಿಯಿಸಬೇಕು. ಯೋಚಿಸಿ ಅಲಂಕರಿಸಲು ಸಮಯವಿಲ್ಲದಿರುವುದೇ ಇದರ ಉದ್ದೇಶ. ಕಂಠಪಾಠ ಮಾಡಿದ ಉತ್ತರಗಳು ಈ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮುಂದಿನ ಎರಡು ದಿನ ಬಯಲಿನಲ್ಲಿ ಗುಂಪು ಕಾರ್ಯಗಳು ನಡೆಯುತ್ತವೆ. ಹಲಗೆ, ಹಗ್ಗ, ಮರದ ದಿಮ್ಮಿ ಬಳಸಿ ಅಡೆತಡೆಗಳನ್ನು ಗುಂಪಾಗಿ ದಾಟುವುದು, ನಕ್ಷೆಯ ಮೇಲೆ ಯೋಜನೆ ರೂಪಿಸುವುದು, ಚಿಕ್ಕ ಭಾಷಣ, ವೈಯಕ್ತಿಕ ಅಡೆತಡೆ ಓಟ, ಒಬ್ಬೊಬ್ಬರಿಗೂ ನಾಯಕತ್ವ ವಹಿಸುವ ಕಾರ್ಯ, ಇವುಗಳಲ್ಲಿ ಅಧಿಕಾರಿ ಗಮನಿಸುವುದು ದೇಹಬಲವನ್ನಷ್ಟೇ ಅಲ್ಲ. ಜತೆಗಾರರ ಮಾತಿಗೆ ಕಿವಿಗೊಡುವ, ಸೋಲುತ್ತಿರುವ ಯೋಜನೆಯನ್ನು ಕೈಬಿಡುವ, ಗುಂಪಿನ ಹಿಂದುಳಿದವರನ್ನು ಜತೆಗೆ ಸೇರಿಸಿಕೊಳ್ಳುವ ಸ್ವಭಾವವನ್ನು. ಇದರ ನಡುವೆಯೇ ಒಂದು ದಿನ ವೈಯಕ್ತಿಕ ಸಂದರ್ಶನವಾಗುತ್ತದೆ. ಮನೋವಿಜ್ಞಾನಿ ಅಭ್ಯರ್ಥಿಯ ಬರವಣಿಗೆಯಿಂದ ಮನಸ್ಸನ್ನೂ, ಸಂದರ್ಶನಾಧಿಕಾರಿ ಮಾತನ್ನೂ, ಗುಂಪು ಪರೀಕ್ಷಾಧಿಕಾರಿ ಕೃತಿಯನ್ನೂ ಸ್ವತಂತ್ರವಾಗಿ ಅಳೆದು, ಐದನೆಯ ದಿನದ ಸಮಾಲೋಚನೆಯಲ್ಲಿ ಮೂವರ ನಿರ್ಣಯಗಳನ್ನು ಹೋಲಿಸುತ್ತಾರೆ. ಮೂರರಲ್ಲಿಯೂ ಒಬ್ಬನೇ ವ್ಯಕ್ತಿ ಕಾಣಿಸುತ್ತಾನೆಯೇ ಎಂಬುದೇ ಅಂತಿಮ ಪ್ರಶ್ನೆ. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದವರು ಇಲ್ಲಿ ಹಿಂದುಳಿಯುವುದಕ್ಕೂ, ಸಾಧಾರಣ ಅಂಕ ಪಡೆದವರು ಆಯ್ಕೆಯಾಗುವುದಕ್ಕೂ ಇದೇ ಕಾರಣ. ಬಳಿಕ ವೈದ್ಯಕೀಯ ಪರೀಕ್ಷೆ ನಡೆದು, ಅದರಲ್ಲಿ ಅರ್ಹರಾದವರ ಹೆಸರುಗಳು ಅರ್ಹತಾ ಪಟ್ಟಿಗೆ ಸೇರುತ್ತವೆ.

ತರಬೇತಿ ಮತ್ತು ವೇತನ

ಸಿಡಿಎಸ್ ಮೂಲಕ ಡೆಹ್ರಾಡೂನ್‌ಗೆ ಹೋದವರ ತರಬೇತಿ 18 ತಿಂಗಳದ್ದು, ಚೆನ್ನೈನದು 49 ವಾರಗಳದ್ದು. ತರಬೇತಿಯ ಅವಧಿಯಲ್ಲಿ ಕೆಡೆಟ್‌ಗೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಲೆಫ್ಟಿನೆಂಟ್‌ನ ಮೂಲವೇತನವೂ ಇಷ್ಟೇ. ಅದರ ಮೇಲೆ ಸೈನಿಕ ಬದುಕಿನ ವಿಶೇಷ ಕಷ್ಟಗಳಿಗೆ ಪ್ರತಿಯಾಗಿ 15,500 ರೂಪಾಯಿಗಳ ಸೇನಾ ಸೇವಾ ವೇತನ, ತುಟ್ಟಿಭತ್ಯೆ ಹಾಗೂ ಗಡಿ, ಎತ್ತರ ಪ್ರದೇಶ ಮುಂತಾದ ಸ್ಥಳಗಳಿಗೆ ತಕ್ಕ ಭತ್ಯೆಗಳು ಸೇರುತ್ತವೆ. ಸೇವೆಯ 2ನೆಯ ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್ ದರ್ಜೆಗಳು ಅವಧಿ ಮುಗಿದಂತೆ ದೊರೆಯುತ್ತವೆ. ಕರ್ನಲ್ ದರ್ಜೆಯಿಂದ ಮೇಲೆ ಆಯ್ಕೆ ಮಂಡಳಿಯ ಜರಡಿ ಇರುತ್ತದೆ, ಪ್ರತಿ ಮೆಟ್ಟಿಲಿನಲ್ಲಿಯೂ ಹುದ್ದೆಗಳು ಕಿರಿದಾಗುತ್ತ ಹೋಗುತ್ತವೆ.

ತರಬೇತಿಯ ಅಪಾಯವನ್ನು ಮರೆಮಾಚುವುದು ಸರಿಯಲ್ಲ. ವೈಯಕ್ತಿಕ ಕಾರಣ ಕೊಟ್ಟು ನಡುವೆಯೇ ಬಿಟ್ಟು ಬಂದವರು ತರಬೇತಿಯ ವೆಚ್ಚವನ್ನು ಮರಳಿಸಬೇಕಾಗುತ್ತದೆ. ತರಬೇತಿಯಲ್ಲಿ ತೀವ್ರವಾಗಿ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳಿಗೆ, ಅವರಿನ್ನೂ ಕಮಿಷನ್ ಪಡೆದಿಲ್ಲ ಎಂಬ ಕಾರಣದಿಂದ ಮಾಜಿ ಸೈನಿಕರ ಸ್ಥಾನಮಾನ ಸಿಗದಿರುವ ಪ್ರಶ್ನೆಯನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು.

ವರ್ಷಗಳ ಲೆಕ್ಕ

ಎರಡು ಕರಾರುಗಳ ನಿಜವಾದ ವ್ಯತ್ಯಾಸ ಕಾಣುವುದು ಸೇವೆಯ ಕೊನೆಯಲ್ಲಿ. ಸೇನಾಪಡೆಗಳ ಅಧಿಕಾರಿಗೆ ಪಿಂಚಣಿ ದೊರೆಯಲು ಸಾಮಾನ್ಯವಾಗಿ 20 ವರ್ಷಗಳ ಸೇವೆ ಆಗಿರಬೇಕು. 2004ರ ನಂತರ ಕೇಂದ್ರದ ನಾಗರಿಕ ನೌಕರಿಗೆ ಸೇರಿದವರಿಗೆ ಅನ್ವಯಿಸಿದ ಹೊಸ ಪಿಂಚಣಿ ಯೋಜನೆಯಿಂದ ಸೇನಾಪಡೆಗಳನ್ನು ಹೊರಗಿಟ್ಟಿರುವುದರಿಂದ, ಈ ನಿಶ್ಚಿತ ಪಿಂಚಣಿಗೆ ಇಂದು ಹಿಂದಿಗಿಂತ ಹೆಚ್ಚು ಬೆಲೆಯಿದೆ. 22ಕ್ಕೆ ಡೆಹ್ರಾಡೂನ್ ಸೇರಿ 24ರ ಒಳಗೆ ಕಮಿಷನ್ ಪಡೆದ ಕಾಯಂ ಅಧಿಕಾರಿ 44ರ ಸುಮಾರಿಗೆ ಪಿಂಚಣಿಗೆ ಅರ್ಹರಾಗುತ್ತಾರೆ; ಬಡ್ತಿಯ ಜರಡಿಯಲ್ಲಿ ನಿಂತುಹೋದರೂ ಅವರ ಬದುಕಿಗೆ ಆಧಾರ ಉಳಿಯುತ್ತದೆ.

ಅದೇ ವಯಸ್ಸಿಗೆ ಚೆನ್ನೈ ಸೇರಿದ ಅಲ್ಪಾವಧಿ ಅಧಿಕಾರಿಗೆ 10 ವರ್ಷ ಮುಗಿದಾಗ ವಯಸ್ಸು 33. ಆಗ ಮೂರು ಆಯ್ಕೆಗಳಿರುತ್ತವೆ: ಕಾಯಂ ಕಮಿಷನ್‌ಗೆ ಕೋರುವುದು, ಸೇವೆಯಿಂದ ಬಿಡುಗಡೆ ಪಡೆಯುವುದು, ಇಲ್ಲವೇ ಇನ್ನು 4 ವರ್ಷ ಮುಂದುವರಿಯುವುದು. ಕಾಯಂ ಕಮಿಷನ್ ಕೋರಿದವರಿಗೆಲ್ಲ ಸಿಗುವುದಿಲ್ಲ. 14 ವರ್ಷ ಪೂರೈಸಿ 37ಕ್ಕೆ ಹೊರಬಂದವರಿಗೂ ಗ್ರಾಚ್ಯುಟಿ ಉಂಟು, ಪಿಂಚಣಿ ಇಲ್ಲ. ಈ ಕರಾರನ್ನು ನಷ್ಟವೆಂದೇ ಎಣಿಸಬೇಕಾಗಿಲ್ಲ. ಕನಿಷ್ಠ 5 ವರ್ಷ ಸೇವೆ ಸಲ್ಲಿಸಿ ನಿಯಮದಂತೆ ಬಿಡುಗಡೆಯಾದ ಅಲ್ಪಾವಧಿ ಅಧಿಕಾರಿಗಳಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ 5 ವರ್ಷಗಳ ವಯೋಸಡಿಲಿಕೆ ಇದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಪ್ರಾಯೋಜಕತ್ವದಲ್ಲಿ ಐಐಎಂಗಳಂಥ ಸಂಸ್ಥೆಗಳು ಹೊರಬರುವ ಅಧಿಕಾರಿಗಳಿಗಾಗಿ ಆಡಳಿತ ನಿರ್ವಹಣೆಯ ಕೋರ್ಸ್‌ಗಳನ್ನು ನಡೆಸುತ್ತವೆ. ಇಪ್ಪತ್ತೈದರ ಆಸುಪಾಸಿನಲ್ಲಿಯೇ ಹತ್ತಾರು ಜನರ ತುಕಡಿಯನ್ನು ಮುನ್ನಡೆಸಿದ ಅನುಭವಕ್ಕೆ ಖಾಸಗಿ ವಲಯದಲ್ಲಿಯೂ ಬೆಲೆ ಇದೆ. ಆದರೆ ಈ ಎರಡನೆಯ ವೃತ್ತಿಗೆ ಬೇಕಾದ ಓದು ಮತ್ತು ಉಳಿತಾಯವನ್ನು ಸೇವೆಯಲ್ಲಿರುವಾಗಲೇ ಆರಂಭಿಸಬೇಕು. ಮೂವತ್ತಮೂರಕ್ಕೆ ಹೊರಬರುವುದನ್ನು ಆರಂಭದಲ್ಲಿಯೇ ಯೋಜಿಸಿದವರಿಗೂ, ಆ ದಿನ ಬಂದ ಮೇಲೆ ಎಚ್ಚೆತ್ತವರಿಗೂ ಈ ಕರಾರಿನ ಫಲ ಒಂದೇ ಆಗಿರುವುದಿಲ್ಲ.

ಅಧಿಕಾರಿ ವರ್ಗದ ಆಚೆ

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಸಿಪಾಯಿ ದರ್ಜೆಯ ನೇಮಕಾತಿಗೆ ಸಂಬಂಧಿಸಿದ್ದು. ಹದಿನೇಳೂವರೆ ವರ್ಷದಿಂದ ಆರಂಭವಾಗಿ, ಘೋಷಣೆಯಾದಾಗ 21 ವರ್ಷದ ಗರಿಷ್ಠ ಮಿತಿ ಹೊಂದಿದ್ದ ಈ ಯೋಜನೆಯಲ್ಲಿ ಸೇವಾವಧಿ 4 ವರ್ಷ. ಅದರ ಬಳಿಕ ನೂರರಲ್ಲಿ ಇಪ್ಪತ್ತೈದರವರೆಗೆ ಮಾತ್ರ ಸೇನೆಯಲ್ಲಿ ಮುಂದುವರಿಯುತ್ತಾರೆ. ಪದವಿ ಮುಗಿಸುವ ಹೊತ್ತಿಗೆ ಈ ಬಾಗಿಲು ಬಹುತೇಕ ಮುಚ್ಚಿರುತ್ತದೆ, ತೆರೆದಿದ್ದರೂ ಪದವಿಗೆ ಅಲ್ಲಿ ಅಧಿಕಾರಿಯ ಸ್ಥಾನ ಸಿಗುವುದಿಲ್ಲ. ಪದವೀಧರರಿಗೆಂದೇ ಇರುವ ಇತರ ಹುದ್ದೆಗಳಲ್ಲಿ ಸೈನಿಕರಿಗೆ ಪಾಠ ಹೇಳುವ ಶಿಕ್ಷಣ ದಳದ ಹವಾಲ್ದಾರ್, ನಕ್ಷೆ ತಯಾರಿಸುವ ಸರ್ವೇಯರ್ ಹವಾಲ್ದಾರ್, ನಾಯಬ್ ಸುಬೇದಾರ್ ದರ್ಜೆಯ ಧಾರ್ಮಿಕ ಬೋಧಕ ಮುಖ್ಯವಾದವು. ಈಗಾಗಲೇ ಉದ್ಯೋಗದಲ್ಲಿರುವ ಪದವೀಧರರಿಗೆ 42 ವರ್ಷದವರೆಗೂ ಅವಕಾಶ ಕೊಡುವುದು ಟೆರಿಟೋರಿಯಲ್ ಆರ್ಮಿ. 1949ರಲ್ಲಿ ಉದ್ಘಾಟನೆಯಾದ ಈ ಅರೆಕಾಲಿಕ ಪಡೆಯಲ್ಲಿ ತಮ್ಮ ನೌಕರಿಯನ್ನು ಉಳಿಸಿಕೊಂಡೇ ವರ್ಷದಲ್ಲಿ ಕೆಲಕಾಲ ಸೇವೆ ಸಲ್ಲಿಸಬಹುದು. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮುಂತಾದವು ಸೇನೆಯಲ್ಲ, ಗೃಹ ಸಚಿವಾಲಯದ ಅಡಿಯ ಪಡೆಗಳು. ಅವುಗಳ ಸಹಾಯಕ ಕಮಾಂಡೆಂಟ್ ಹುದ್ದೆಗೆ ಲೋಕಸೇವಾ ಆಯೋಗ ಬೇರೊಂದು ಪರೀಕ್ಷೆ ನಡೆಸುತ್ತದೆ.

ಕನ್ನಡ ನಾಡಿನ ಸ್ಥಿತಿ

ಕರ್ನಾಟಕಕ್ಕೆ ಸೇನೆಯೊಂದಿಗಿನ ನಂಟು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯನವರ ಕೊಡಗಿಗೆ ಸೀಮಿತವಲ್ಲ. ಭೂಸೇನೆಯ ಆಯ್ಕೆ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿದೆ, ವಾಯುಪಡೆಯ ಆಯ್ಕೆ ಮಂಡಳಿಗಳಲ್ಲೊಂದು ಮೈಸೂರಿನಲ್ಲಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಅಧಿಕಾರಿಗಳೂ, ಬೀದರ್‌ನಲ್ಲಿ ಯುದ್ಧ ವಿಮಾನಗಳ ಭಾವೀ ಪೈಲಟ್‌ಗಳೂ, ಬೆಳಗಾವಿಯಲ್ಲಿ ಕಮಾಂಡೊ ಕೋರ್ಸ್‌ಗೆ ಬರುವ ಕಾಲಾಳು ದಳದ ಯುವ ಅಧಿಕಾರಿಗಳೂ ತರಬೇತಿ ಪಡೆಯುತ್ತಾರೆ. ಕಾರವಾರದಲ್ಲಿ ನೌಕಾಪಡೆಯ ದೊಡ್ಡ ನೆಲೆಯಿದೆ. ಸೈನಿಕ ಶಾಲೆಗಳು ವಿಜಯಪುರದಲ್ಲಿಯೂ ಕೊಡಗಿನಲ್ಲಿಯೂ ಇವೆ. ಆದರೆ ಸೈನಿಕ ಶಾಲೆಗಳ ಗುರಿ ಪಿಯುಸಿ ಹಂತದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಪದವಿ ಓದುವ ವಿದ್ಯಾರ್ಥಿಗೆ ಅಂಥ ಮಾರ್ಗದರ್ಶನದ ಏರ್ಪಾಡಿಲ್ಲ.

ಸಿಡಿಎಸ್‌ನ ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದು ಕನ್ನಡ ಮಾಧ್ಯಮದವರಿಗೆ ನಿಜವಾದ ತೊಡಕು. ಇಂಗ್ಲಿಷ್ ಪತ್ರಿಕೆಯನ್ನು ಎಲ್ಲರೂ ಬರೆಯಲೇಬೇಕು, ಉಳಿದವುಗಳಿಗೂ ಹಿಂದಿಯನ್ನು ಆರಿಸಿಕೊಳ್ಳುವ ಅನುಕೂಲ ಕನ್ನಡಿಗರಿಗೆ ಒದಗುವುದಿಲ್ಲ. ಆದರೆ ಇಂಗ್ಲಿಷ್ ಪತ್ರಿಕೆ ಕೇಳುವುದು ವ್ಯಾಕರಣ, ಪದಸಂಪತ್ತು ಮತ್ತು ಓದಿ ಗ್ರಹಿಸುವ ಶಕ್ತಿಯನ್ನು. ಎರಡು ವರ್ಷ ಪ್ರತಿದಿನ ಓದಿದರೆ ದಾಟಬಹುದಾದ ಮಟ್ಟವದು. ಆಯ್ಕೆ ಮಂಡಳಿಯ ಮುಂದೆಯೂ ನಿರರ್ಗಳವಾಗಿ ಮಾತನಾಡುವವರಿಗಿಂತ ಸ್ಪಷ್ಟವಾಗಿ ಯೋಚಿಸಿ ಸರಳವಾಗಿ ಹೇಳುವವರಿಗೆ ಹೆಚ್ಚಿನ ಮನ್ನಣೆ.

ಹೀಗಾಗಿ ನಿರ್ಧಾರದ ಕಾಲ ಪದವಿಯ ಕೊನೆಯಲ್ಲ, ಆರಂಭ. ಮೊದಲ ವರ್ಷದಲ್ಲಿಯೇ ಎನ್‌ಸಿಸಿ ಸೇರಿದವರು, ಎರಡನೆಯ ವರ್ಷದಿಂದ ಹತ್ತನೆಯ ತರಗತಿಯ ಗಣಿತವನ್ನೂ ಇಂಗ್ಲಿಷನ್ನೂ ಮತ್ತೆ ಓದತೊಡಗಿದವರು, ಅಂತಿಮ ವರ್ಷದಲ್ಲಿ ಮೊದಲ ಸಿಡಿಎಸ್ ಬರೆದವರು ವಯೋಮಿತಿ ಮುಗಿಯುವ ಮುನ್ನ ಹಲವು ಅವಕಾಶಗಳನ್ನು ಗಳಿಸುತ್ತಾರೆ. ಇಪ್ಪತ್ತು ವರ್ಷ ಕೊಡಲು ಮನಸ್ಸಿದ್ದವರು ಗಣಿತಕ್ಕೆ ಹೆದರಿ ಚೆನ್ನೈಯೊಂದನ್ನೇ ಆರಿಸಿಕೊಳ್ಳುವುದೂ, ಹತ್ತು ವರ್ಷದ ಬಳಿಕ ಬೇರೆ ಬದುಕು ಬಯಸುವವರು ಡೆಹ್ರಾಡೂನ್ ಸಿಗಲಿಲ್ಲವೆಂದು ಕೊರಗುವುದೂ, ಸೇವಾವಧಿಯ ಲೆಕ್ಕವನ್ನು ಪರೀಕ್ಷೆಯ ನಂತರಕ್ಕೆ ಮುಂದೂಡಿದ್ದರ ಫಲ. ಎನ್‌ಸಿಸಿ ಘಟಕವಿರುವ ಪ್ರತಿಯೊಂದು ಪದವಿ ಕಾಲೇಜೂ ಈ ಲೆಕ್ಕವನ್ನು ಪ್ರವೇಶದ ವರ್ಷದಲ್ಲಿಯೇ ಕನ್ನಡದಲ್ಲಿ ವಿದ್ಯಾರ್ಥಿಗಳ ಮುಂದಿಟ್ಟರೆ, ರ್‍ಯಾಲಿಯ ಸಾಲನ್ನಷ್ಟೇ ಬಲ್ಲ ಅನೇಕರು ತಮಗೆ ತಕ್ಕ ಕರಾರನ್ನು ತಾವೇ ಆರಿಸಿಕೊಳ್ಳಬಲ್ಲರು.